ಮೈಲೇಜ್ ಬಿಟ್ಟು ಬೇರೆ ಏನಾದರೂ ಕೇಳಿ

ಮಂಡ್ಯದ ಕಡೆ ಲ್ಯಾಂಬೋರ್ಗಿನಿಯೊಂದು ರಸ್ತೆಗಿಳಿದರೆ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟಾಯಿತು? ಲೀಟರಿಗೆ ಎಷ್ಟು ಕೊಡುತ್ತದೆ? ಮೊದಲನೆಯದಕ್ಕೆ ಮಾಲೀಕರು ನಕ್ಕು ಸುಮ್ಮನಾಗುತ್ತಾರೆ. ಎರಡನೆಯದಕ್ಕೆ ತುಸು ನಾಚಿಕೊಂಡು ‘ನಾಲ್ಕು, ಐದು’ ಎನ್ನುತ್ತಾರೆ. ಕೇಳಿದವರು ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ, ತಮ್ಮ ಮೊಪೆಡ್ ಹತ್ತಿ ತೃಪ್ತಿಯಿಂದ ಹೊರಡುತ್ತಾರೆ. ಅಂಥ ಒಂದು ಕಾರಿನ ಖರ್ಚಿನ ಲೆಕ್ಕ ಕೆಲವು ವರ್ಷಗಳಿಂದ ನನ್ನ ಮೇಜಿನ ಮೇಲಿದೆ. ಅದರಲ್ಲಿ ಪೆಟ್ರೋಲ್ ಎಂಬುದು ಕಾಣಿಸುವುದೇ ಇಲ್ಲ ಎನ್ನುವಷ್ಟು ಸಣ್ಣ ಸಾಲು.

ನಾನು ಮೈಸೂರಿನ ಸರಸ್ವತಿಪುರದಲ್ಲಿ ಕಚೇರಿ ಇಟ್ಟುಕೊಂಡಿರುವ ಲೆಕ್ಕಪರಿಶೋಧಕಿ. ಓಡಿಸುವುದು ವ್ಯಾಗನ್ ಆರ್. ವೇಗದ ಕಾರುಗಳ ಬಗ್ಗೆ ನನಗೆ ಆಸೆಯೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಮಂಡ್ಯದ ಹತ್ತಿರದ ಅಕ್ಕಿ ಗಿರಣಿಯೊಂದರ ಲೆಕ್ಕವನ್ನು ಬಹುಕಾಲದಿಂದ ನೋಡುತ್ತಿದ್ದೇನೆ. ಅಲ್ಲಿ ಅಪ್ಪ ದೊಡ್ಡ ಯಜಮಾನರು, ಮಗ ಚಿಕ್ಕ ಯಜಮಾನರು. ಚಿಕ್ಕವರು ಬೆಂಗಳೂರಿನ ಒಬ್ಬರಿಂದ 2016ರ ಲ್ಯಾಂಬೋರ್ಗಿನಿ ಹುರಾಕಾನ್ ಕೊಂಡರು, ಎರಡು ಕೋಟಿಗೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಅಂಕಿಗಳು ಬರಲಿ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದಿದ್ದಾರೆ.

ಈ ಮಾದರಿ 2014ರಲ್ಲಿ ಭಾರತಕ್ಕೆ ಬಂದಾಗ ಶೋರೂಂ ಬೆಲೆಯೇ 3.43 ಕೋಟಿ ರೂಪಾಯಿ ಇತ್ತು. ಅದರ ಮೇಲೆ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ. 18, ಆ ತೆರಿಗೆಯ ಮೇಲೆ ಮತ್ತೆ ಉಪಕರ. ಎಲ್ಲ ಸೇರಿ ಶೇ. 20ರ ಹತ್ತಿರ. ಅಷ್ಟು ಬೆಲೆಯ ಕಾರಿಗೆ ಅರವತ್ತೆಂಟು ಲಕ್ಷ ಬರೀ ತೆರಿಗೆ. ಇದಕ್ಕೆ ಹೆದರಿ ಪುದುಚೇರಿಯಲ್ಲೋ ಇನ್ನೆಲ್ಲೋ ನೋಂದಣಿ ಮಾಡಿಸಿ ಇಲ್ಲಿ ಓಡಿಸುವವರು ಇದ್ದಾರೆ. ಚಿಕ್ಕ ಯಜಮಾನರಿಗೂ ಹೊರರಾಜ್ಯದ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಆಸೆ ತೋರಿಸಿದ್ದರು. ನಾನು ಬೇಡವೆಂದೆ. 2025ರಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಇಂಥ ಕಾರುಗಳನ್ನು ಹುಡುಕಿ ಹಿಡಿಯತೊಡಗಿದರು. ಆ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ 1.41 ಕೋಟಿ ರೂಪಾಯಿ ವಸೂಲಾಯಿತು. ಪತ್ರಿಕೆಯಲ್ಲಿ ಆ ಸುದ್ದಿ ಬಂದ ದಿನ ಚಿಕ್ಕ ಯಜಮಾನರು ನನಗೆ ಫೋನ್ ಮಾಡಿ, ಕಾರಣ ಹೇಳದೆ, ಊಟವಾಯಿತೇ ಮೇಡಂ ಎಂದು ವಿಚಾರಿಸಿದರು.

ಕಾರು ಮನೆಗೆ ಬಂದ ವಾರದಲ್ಲೇ ನನ್ನ ಮುಂದೆ ಬಂದ ಮೊದಲ ಬೇಡಿಕೆ, ಇದನ್ನು ಗಿರಣಿಯ ಆಸ್ತಿಯೆಂದು ತೋರಿಸಬಹುದೇ ಎಂಬುದು. ಕೇಳುವುದರಲ್ಲಿ ತಪ್ಪಿಲ್ಲ, ಎಲ್ಲರೂ ಕೇಳುತ್ತಾರೆ. ವ್ಯವಹಾರದ ಕಾರಿಗೆ ವರ್ಷಕ್ಕೆ ಶೇ. 15 ಸವಕಳಿ, ಅಂದರೆ ಬೆಲೆ ಇಳಿದದ್ದನ್ನು ಖರ್ಚೆಂದು ಕಳೆಯುವ ಅವಕಾಶ, ಸಿಗುತ್ತದೆ, ನಿಜ. ಆದರೆ ವ್ಯವಹಾರಕ್ಕೆ ಬಳಸಿದಷ್ಟಕ್ಕೆ ಮಾತ್ರ. ಎರಡೇ ಸೀಟು, ಮುಂಭಾಗದಲ್ಲಿ ಒಂದು ಕೈಚೀಲ ಹಿಡಿಸುವಷ್ಟು ಜಾಗ. ‘ಇದರಲ್ಲಿ ಭತ್ತ ತಂದಿರಾ, ಅಕ್ಕಿ ಸಾಗಿಸಿದಿರಾ?’ ಎಂದು ಅಧಿಕಾರಿ ಕೇಳಿದರೆ ನಾನೇನು ಹೇಳಲಿ? ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ಅಂತೂ ಹದಿಮೂರು ಸೀಟುಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಕೆಲವು ಕಸುಬುಗಳನ್ನು ಬಿಟ್ಟರೆ, ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಪಡೆಯುವ ಬಾಗಿಲನ್ನೇ ಮುಚ್ಚಿದೆ. ಅಂಥ ವಾಹನದ ರಿಪೇರಿಗೂ ವಿಮೆಗೂ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಹೀಗಾಗಿ ಕಾರು ಚಿಕ್ಕ ಯಜಮಾನರ ಸ್ವಂತ ಹೆಸರಿನಲ್ಲೇ ಉಳಿಯಿತು. ನಾನು ಒಂದು ಪ್ರತ್ಯೇಕ ಖಾತೆ ತೆರೆದೆ. ತೆರಿಗೆಗೆ ಬೇಕಾಗಿರಲಿಲ್ಲ, ದೊಡ್ಡ ಯಜಮಾನರಿಗೆ ಬೇಕಾಗಿತ್ತು.

ದೊಡ್ಡ ಯಜಮಾನರು ಲೆಕ್ಕವನ್ನು ರೂಪಾಯಿಯಲ್ಲಿ ಕೇಳುವವರಲ್ಲ, ಕಬ್ಬಿನಲ್ಲಿ ಕೇಳುವವರು. ಗಿರಣಿಗೆ ಮೊದಲು ಅವರದು ಕಬ್ಬಿನ ಗದ್ದೆಯ ಮನೆತನ. ಕೇಂದ್ರ ಸರ್ಕಾರ 2025-26ಕ್ಕೆ ನಿಗದಿ ಮಾಡಿದ ದರದಲ್ಲಿ, ಸಕ್ಕರೆ ಇಳುವರಿ ಶೇ. 9.5ಕ್ಕಿಂತ ಕಡಿಮೆ ಇದ್ದರೂ ಟನ್ನಿಗೆ 3,290 ರೂಪಾಯಿ. ಕಾರಿನ ಹಿಂಬದಿಯ ಎರಡು ಟೈರ್ ಬದಲಾಯಿಸಿದ ಬಿಲ್ ಒಂದು ಲಕ್ಷದ ನಲವತ್ತು ಸಾವಿರ. ಅವರು ಬೆರಳು ಮಡಿಸಿ, ‘ಅಂದರೆ ನಲವತ್ತೆರಡು ಟನ್. ಒಂದು ಎಕರೆ. ಕಟಾವು, ಸಾಗಣೆ ಕಳೆಯುವ ಮೊದಲು. ವರ್ಷವಿಡೀ ನೀರು ಕಟ್ಟಿ ಬೆಳೆದದ್ದು ಎರಡು ಚಕ್ರಕ್ಕೆ ಹೋಯಿತು, ಅಲ್ಲವೇ ಮೇಡಂ?’ ಎಂದರು. ಹೌದು ಎಂದೆ. ಮುಂದಿನ ಎರಡು ಬೇರೆ ಅಳತೆಯವು, ಅವನ್ನು ಆಮೇಲೆ ಹೇಳೋಣವೆಂದು ಸುಮ್ಮನಾದೆ.

ಆ ಟೈರ್‌ಗಳು ಸವೆದು ಹಾಳಾದವೇ ಎಂದರೆ, ಅದೂ ಅಲ್ಲ. ರಬ್ಬರಿಗೆ ವಯಸ್ಸಾಗುತ್ತದೆ. ನಿಂತಲ್ಲೇ ನಿಂತರೆ ಗಟ್ಟಿಯಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಆರುನೂರ ಹತ್ತು ಅಶ್ವಶಕ್ತಿಯ ಎಂಜಿನ್ನಿಗೆ ಹಿಡಿತವಿಲ್ಲದ ಟೈರ್ ಇಟ್ಟು ಓಡಿಸುವಂತಿಲ್ಲ. ನನಗೆ ಈ ಕಾರಿನ ಲೆಕ್ಕ ಅರ್ಥವಾದದ್ದು ಇಲ್ಲಿಂದ. ಗಿರಣಿಯ ಲಾರಿಗೆ ಖರ್ಚು ಬರುವುದು ಓಡಿದಷ್ಟಕ್ಕೆ. ಈ ಕಾರಿಗೆ ಖರ್ಚು ಬರುವುದು ಕ್ಯಾಲೆಂಡರ್ ಹಾಳೆ ತಿರುಗಿದಷ್ಟಕ್ಕೆ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಬದಲಾಗಬೇಕು, ಕಾರು ಬೀದಿ ಕೊನೆ ದಾಟಿರದಿದ್ದರೂ. ಬ್ಯಾಟರಿಗೆ ಸದಾ ಒಂದು ಸಣ್ಣ ಚಾರ್ಜರ್ ಸಿಕ್ಕಿಸಿಯೇ ಇರಬೇಕು. ಕೆಲವು ವಾರ ಮರೆತರೆ ಕಾರು ಎಚ್ಚರವಾಗುವುದೇ ಇಲ್ಲ. ಭಾರತದಲ್ಲಿ ಈ ಕಂಪನಿಯ ಡೀಲರ್‌ಗಳಿರುವುದು ದೆಹಲಿ, ಮುಂಬೈ, ಬೆಂಗಳೂರಿನಲ್ಲಿ. ನಮ್ಮ ಪುಣ್ಯಕ್ಕೆ ಬೆಂಗಳೂರು ಹತ್ತಿರ. ಆದರೂ ಹೋಗಿಬರಲು, ಕಾರು ಕೈಕೊಟ್ಟಿದ್ದರೆ, ಚಪ್ಪಟೆ ಹಾಸಿನ ಲಾರಿ ಬೇಕು. ಮುಂದಿನ ಚಕ್ರ ಎತ್ತಿ ಎಳೆಯುವಂತಿಲ್ಲ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಬದಲಿ ಚಕ್ರವೂ ಇದರಲ್ಲಿ ಇರುವುದಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಮೊಳೆ ಚುಚ್ಚಿದರೆ ಪಂಕ್ಚರ್ ಅಂಗಡಿಯವನು ನಮಸ್ಕಾರ ಮಾಡಿ ಕಳಿಸುತ್ತಾನೆ.

ವಿಮೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಬುದ್ಧಿಗೆ ಕೆಲಸವಿದೆ. ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ ಕಾರಿನ ಬೆಲೆ ನೋಡುವುದಿಲ್ಲ, ಎಂಜಿನ್ನಿನ ಗಾತ್ರ ಮಾತ್ರ ನೋಡುತ್ತದೆ. 1,500 ಸಿ.ಸಿ. ಮೀರಿದ ಯಾವ ಖಾಸಗಿ ಕಾರಾದರೂ ವರ್ಷಕ್ಕೆ 7,897 ರೂಪಾಯಿ. 5,204 ಸಿ.ಸಿ.ಯ ಈ ಹುರಾಕಾನ್‌ಗೂ ಅಷ್ಟೇ, ಮದುವೆ ಮನೆಗೆ ಓಡಾಡುವ ಇನ್ನೋವಾಕ್ಕೂ ಅಷ್ಟೇ. ಇಡೀ ಖಾತೆಯಲ್ಲಿ ದೊಡ್ಡ ಯಜಮಾನರು ಮೆಚ್ಚಿದ ಏಕೈಕ ಅಂಕಿ ಅದು. ಪೆಟ್ಟು ಬೀಳುವುದು ಸ್ವಂತ ಹಾನಿಯ ಭಾಗದಲ್ಲಿ. ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ವಿಮೆಯವರೂ ಮಾಲೀಕರೂ ಮಾತಾಡಿಕೊಂಡು ನಿಗದಿ ಮಾಡಬೇಕು. ಆ ಮೌಲ್ಯದ ಮೇಲೆ ಬಂದ ಪ್ರೀಮಿಯಂ ಏಳು ಲಕ್ಷ. ಚಿಕ್ಕ ಯಜಮಾನರು ಹಳೆಯ ಇನ್ನೋವಾ ಮಾರಿದಾಗ ನೋ ಕ್ಲೇಮ್ ಬೋನಸ್ಸಿನ ಪತ್ರವನ್ನು ನಾನು ಒತ್ತಾಯಿಸಿ ತೆಗೆಸಿಟ್ಟಿದ್ದೆ. ಆ ಬೋನಸ್ ಸೇರುವುದು ಕಾರಿಗಲ್ಲ, ಮಾಲೀಕರಿಗೆ. ಐದು ವರ್ಷ ಕ್ಲೇಮ್ ಇಲ್ಲದ ಇನ್ನೋವಾದ ಶೇ. 50 ರಿಯಾಯಿತಿ ನೇರವಾಗಿ ಇಟಲಿಯ ಕಾರಿನ ಮೇಲೆ ಕುಳಿತಿತು. ಶೇ. 18 ಜಿಎಸ್‌ಟಿ, ಇತರ ರಕ್ಷಣೆಗಳು ಎಲ್ಲ ಸೇರಿ ನಾಲ್ಕೂವರೆ ಲಕ್ಷಕ್ಕೆ ಮುಗಿಯಿತು.

ಆದರೆ ಈ ಬೋನಸ್ಸೇ ಮುಂದೆ ಕೈ ಕಟ್ಟಿಹಾಕಿತು. ಅಕ್ಕಿ ಗಿರಣಿ ಎಂದಮೇಲೆ ಇಲಿ ಇರಬೇಕು. ಒಂದು ಮಳೆಗಾಲದಲ್ಲಿ ಕಾರು ಶೆಡ್ಡಿನಲ್ಲೇ ನಿಂತಿತ್ತು. ಇಲಿಗಳು ಎಂಜಿನ್ ಹಿಂದಿನ ವೈರುಗಳನ್ನು ಕಡಿದು ಸಂಸಾರ ಹೂಡಿದ್ದವು. ನಮ್ಮ ಕಾರುಗಳಲ್ಲಾದರೆ ಎಲೆಕ್ಟ್ರಿಷಿಯನ್ ಬಂದು ತುಂಡು ವೈರು ಜೋಡಿಸಿ, ಕಪ್ಪು ಟೇಪು ಸುತ್ತಿ, ಐನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ಇದರಲ್ಲಿ ವೈರುಗಳ ಕಟ್ಟನ್ನೇ ಬದಲಾಯಿಸಬೇಕು, ಅದು ಹೊರದೇಶದಿಂದ ಬರಬೇಕು. ಲಾರಿ ಬಾಡಿಗೆ ಸೇರಿ ಎರಡು ಲಕ್ಷದ ಎಂಬತ್ತು ಸಾವಿರ. ವಿಮೆ ಇರುವಾಗ ಕೈಯಿಂದ ಏಕೆ ಕೊಡಬೇಕು ಎಂದರು ದೊಡ್ಡವರು. ನಾನು ಹಾಳೆಯ ಮೇಲೆ ಬರೆದು ತೋರಿಸಿದೆ: ಒಂದು ಕ್ಲೇಮ್ ಹಾಕಿದರೆ ಬೋನಸ್ ಸೊನ್ನೆ. ಮುಂದಿನ ವರ್ಷ ಪ್ರೀಮಿಯಂ ನಾಲ್ಕು ಲಕ್ಷಕ್ಕೂ ಹೆಚ್ಚು ಏರುತ್ತದೆ. ಅಲ್ಲಿಂದ ಮತ್ತೆ ಶೇ. 20, 25, 35, 45 ಎಂದು ಮೆಟ್ಟಿಲು ಹತ್ತುತ್ತಾ ಐವತ್ತಕ್ಕೆ ಬರಬೇಕು. ಹೀಗಾಗಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಕೊಟ್ಟು ಪಡೆದ ವಿಮೆಯನ್ನು ಮೂರು ಲಕ್ಷದ ನಷ್ಟಕ್ಕೆ ಬಳಸಿಕೊಳ್ಳುವುದು ದಡ್ಡತನ. ದೊಡ್ಡ ಯಜಮಾನರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ವಿಮೆಯವರು ಬುದ್ಧಿವಂತರು’ ಎಂದಷ್ಟೇ ಹೇಳಿದರು.

ಇನ್ನು ಎಲ್ಲರ ಪ್ರೀತಿಯ ಪೆಟ್ರೋಲ್. ಕಾರು ವರ್ಷಕ್ಕೆ ಓಡುವುದು ಹೆಚ್ಚೆಂದರೆ ಎರಡು ಸಾವಿರ ಕಿಲೋಮೀಟರ್. ಲೀಟರಿಗೆ ಐದರಂತೆ ನಾನೂರು ಲೀಟರ್. ದುಬಾರಿ ಪೆಟ್ರೋಲೇ ಹಾಕಿಸಿದರೂ ನಲವತ್ತೈದು ಸಾವಿರ. ನನ್ನ ವ್ಯಾಗನ್ ಆರ್ ಇದಕ್ಕಿಂತ ಹೆಚ್ಚು ಕುಡಿಯುತ್ತದೆ, ಪ್ರತಿದಿನ ಓಡುವುದರಿಂದ. ಟೋಲ್ ಇನ್ನೂ ಅಗ್ಗ: 2025ರ ಆಗಸ್ಟ್‌ನಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ ಇದೆ, ಶುರುವಾದಾಗ 3,000 ರೂಪಾಯಿ. ಗಣಂಗೂರಿನ ಟೋಲ್ ಗೇಟಿಗೆ ಮಾರುತಿಯೂ ಒಂದೇ, ಲ್ಯಾಂಬೋರ್ಗಿನಿಯೂ ಒಂದೇ.

ಓಡಿಸುವುದಾದರೂ ಎಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಚಿಕ್ಕ ಯಜಮಾನರ ಕಣ್ಣಲ್ಲಿ ಬೆಳಕಿತ್ತು. ಈಗ ಅಲ್ಲಿ ವೇಗದ ಮಿತಿ ಗಂಟೆಗೆ 100 ಕಿ.ಮೀ., ತಲೆಯ ಮೇಲೆ ಕ್ಯಾಮೆರಾ. 2024ರ ಆಗಸ್ಟ್ 1ರಿಂದ 130 ಮೀರಿದರೆ ದಂಡವಷ್ಟೇ ಅಲ್ಲ, ಎಫ್‌ಐಆರ್. ಮುನ್ನೂರು ದಾಟಬಲ್ಲ ಕಾರು ನೂರರಲ್ಲಿ ಹೋಗುತ್ತದೆ. ಪಕ್ಕದಲ್ಲಿ ಹಳೆಯ ಇಂಡಿಕಾ ಒಂದು ಅದನ್ನು ಹಿಂದೆ ಹಾಕಿ ಹೋದದ್ದನ್ನು ಅವರೇ ನನಗೆ ಹೇಳಿದರು. ಹೆದ್ದಾರಿ ಬಿಟ್ಟು ಊರಿನ ರಸ್ತೆಗಿಳಿದರೆ ಹಂಪ್‌ಗಳು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಸುಮಾರು ಐದು ಅಂಗುಲ. ಮೂತಿ ಎತ್ತುವ ಗುಂಡಿ ಇದೆ, ಆದರೂ ನಮ್ಮ ಪಂಚಾಯಿತಿಗಳು ಹಾಕಿಸುವ ಹಂಪ್‌ಗೆ ಯಾವ ಇಟಲಿಯವನೂ ಗುಂಡಿ ಕಂಡುಹಿಡಿದಿಲ್ಲ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಟ್ರ್ಯಾಕ್ಟರ್‌ಗಳಿಂದ ಬಿದ್ದ ಜಲ್ಲೆಗಳ ಮೇಲೆ ಹೋಗುವ ಧೈರ್ಯವೂ ಅವರಿಗಿಲ್ಲ.

ಹೀಗೆ ಕೈಯಿಂದ ಹೋಗುವ ಹಣವನ್ನೆಲ್ಲ ಕೂಡಿದೆ. ವಿಮೆ ನಾಲ್ಕೂವರೆ ಲಕ್ಷ, ಸರ್ವೀಸ್ ಸಾಗಣೆ ಸೇರಿ ಎರಡೂವರೆ, ಟೈರ್ ವರ್ಷಕ್ಕೆ ಹಂಚಿದರೆ ಎಪ್ಪತ್ತು ಸಾವಿರ, ಬಣ್ಣ ಕಾಯುವ ಪಾರದರ್ಶಕ ಹೊದಿಕೆಗೆ ಹಾಗೇ ಹಂಚಿದರೆ ಅರವತ್ತು ಸಾವಿರ, ಪೆಟ್ರೋಲ್, ಚಿಲ್ಲರೆ. ಒಟ್ಟು ಒಂಬತ್ತು ಲಕ್ಷದ ಇಪ್ಪತ್ತೈದು ಸಾವಿರ, ಇಲಿಯ ಪಾಲನ್ನು ಬಿಟ್ಟು. ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್‌ಗಳನ್ನು ಬದಲಿಸುವ ದಿನ ಬಂದಿಲ್ಲ. ಬಂದರೆ ಬೇರೆಯೇ ಖಾತೆ ತೆರೆಯಬೇಕಾದೀತು. ಚಿಕ್ಕ ಯಜಮಾನರು ನಿಟ್ಟುಸಿರು ಬಿಟ್ಟು, ಪರವಾಗಿಲ್ಲ ಎಂದರು. ನಾನು ಇನ್ನೊಂದು ಹಾಳೆ ತೆಗೆದೆ. ಎರಡು ಕೋಟಿಯನ್ನು ಬ್ಯಾಂಕಿನಲ್ಲಿ ಶೇ. 6.5ಕ್ಕೆ ಠೇವಣಿ ಇಟ್ಟಿದ್ದರೆ ವರ್ಷಕ್ಕೆ ಹದಿಮೂರು ಲಕ್ಷ ಬಡ್ಡಿ. ಮಾರಾಟದ ಬೆಲೆ ವರ್ಷಕ್ಕೆ ಹತ್ತು ಲಕ್ಷ ಇಳಿಯುತ್ತದೆ ಎಂಬುದು ನನ್ನ ಅಂದಾಜು. ಸ್ವಂತ ಬಳಕೆಯ ಕಾರು ಮಾರಿ ನಷ್ಟವಾದರೆ ತೆರಿಗೆಯಲ್ಲಿ ಅದನ್ನು ಬೇರೆ ಲಾಭದೊಂದಿಗೆ ಸರಿದೂಗಿಸಲೂ ಬರುವುದಿಲ್ಲ. ಹಾಗಾದರೆ ಮೂವತ್ತೆರಡು ಲಕ್ಷ ದಾಟಿತು. ಎರಡು ಸಾವಿರ ಕಿಲೋಮೀಟರಿಗೆ ಭಾಗಿಸಿದರೆ, ಕಿಲೋಮೀಟರಿಗೆ ಸಾವಿರದ ಆರುನೂರು ರೂಪಾಯಿ. ಅದರಲ್ಲಿ ಪೆಟ್ರೋಲಿನ ಪಾಲು ಸುಮಾರು ಇಪ್ಪತ್ತೆರಡು.

ಭಾನುವಾರ ಮಂಡ್ಯದಿಂದ ಮೈಸೂರಿಗೆ ಬಂದು ಮಸಾಲೆ ದೋಸೆ ತಿಂದು ವಾಪಸಾದರೆ ತೊಂಬತ್ತು ಕಿಲೋಮೀಟರ್. ಒಂದು ಲಕ್ಷದ ನಲವತ್ತೈದು ಸಾವಿರ. ದೊಡ್ಡ ಯಜಮಾನರು ಬೆರಳು ಮಡಿಸುವ ಮೊದಲೇ ನಾನು ‘ಒಂದು ಎಕರೆ’ ಎಂದುಬಿಟ್ಟೆ.

‘ಹಾಗಾದರೆ ಓಡಿಸುವುದನ್ನು ಕಡಿಮೆ ಮಾಡಲಿ’ ಎಂದರು ಅವರು. ಅಲ್ಲೇ ಇರುವುದು ತಮಾಷೆ. ಕಡಿಮೆ ಮಾಡಿದರೆ ಉಳಿಯುವುದು ಪೆಟ್ರೋಲಿನ ಪುಡಿಗಾಸು, ತುಸು ರಬ್ಬರು. ಉಳಿದದ್ದೆಲ್ಲ ಶೆಡ್ಡಿನಲ್ಲಿದ್ದರೂ ನಡೆಯುತ್ತಲೇ ಇರುತ್ತದೆ, ಜೊತೆಗೆ ಇಲಿ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದರೆ ಖರ್ಚು ಹೆಚ್ಚಾಗುವುದು ಸುಮಾರು ಒಂದು ಲಕ್ಷದ ಹದಿನೈದು ಸಾವಿರ ಮಾತ್ರ. ಕಿಲೋಮೀಟರಿಗೆ ಎಂಟುನೂರ ಮೂವತ್ತೈದಕ್ಕೆ ಇಳಿಯುತ್ತದೆ. ಇಟ್ಟುಕೊಳ್ಳುವುದಾದರೆ ಓಡಿಸಿ, ಇಲ್ಲವಾದರೆ ಮಾರಿ ಎಂದೆ. ಚಿಕ್ಕ ಯಜಮಾನರ ಮುಖ ಅರಳಿತು. ಅಪ್ಪನ ಎದುರು ಆಡಿಟರ್ ಬಾಯಿಂದ ಇಂಥ ಮಾತು ಬಂದೀತೆಂದು ಅವರು ಎಣಿಸಿರಲಿಲ್ಲ. ದೊಡ್ಡವರು ನನ್ನನ್ನು ನೋಡಿದ ರೀತಿ ಅಷ್ಟು ಚೆನ್ನಾಗಿರಲಿಲ್ಲ. ಮುಂದಿನ ವರ್ಷದ ನನ್ನ ಶುಲ್ಕದ ಮಾತು ಅಂದು ಎತ್ತಲಿಲ್ಲ.

ಸದ್ಯಕ್ಕೆ ಮಾರುವುದಿಲ್ಲ ಎಂದು ತೀರ್ಮಾನವಾಗಿದೆ. ಕಳೆದ ತಿಂಗಳು ಶೆಡ್ಡಿಗೆ ಇಲಿ ನುಗ್ಗದಂತೆ ಕಬ್ಬಿಣದ ಜಾಲರಿ ಬಡಿಸಿದ ಬಿಲ್ ಬಂತು, ಮೂವತ್ತೆಂಟು ಸಾವಿರ. ಇದನ್ನಾದರೂ ಗಿರಣಿಯ ಕಟ್ಟಡ ರಿಪೇರಿ ಖಾತೆಗೆ ಹಾಕಿ ಮೇಡಂ ಎಂದು ಅಪ್ಪ–ಮಗ ಇಬ್ಬರೂ ಒಂದೇ ದನಿಯಲ್ಲಿ ಕೇಳಿದರು. ಆ ಕಾರು ಬಂದ ಮೇಲೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾಕಲಿಲ್ಲ.