ಟ್ರಿಗರ್ ಖರಾಬ್ ಅಂತ ಬರೆದರೆ ಸಾಕಾಗಲ್ಲ

ಎಸ್‌ಎಲ್‌ಆರ್ (ತಾನೇ ಲೋಡ್ ಆಗುವ ರೈಫಲ್) ಕೈಕೊಟ್ಟರೆ ನಮ್ಮ ಪೊಲೀಸ್ ರಿಜಿಸ್ಟರ್‌ನಲ್ಲಿ ಬರೆಯುವುದು ಎರಡೇ ಪದ: ಟ್ರಿಗರ್ ಖರಾಬ್. ಬಟ್ ನಂಬರ್ (ರೈಫಲಿನ ಹಿಂಬದಿಯ ಹಿಡಿಯ ಮೇಲಿನ ನಂಬರ್), ಸಹಿ, ಮುಗೀತು. ಮೊದಲ ಗುಂಡಿಗೇ ಹೀಗಾಯ್ತಾ, ನಾಲ್ಕಾರು ಹೊಡೆದ ಮೇಲಾ? ಬೆರಳಿಗೆ ಗಟ್ಟಿ ಅನಿಸಿತಾ, ಸಡಿಲ ಅನಿಸಿತಾ? ಒಂದೂ ಇರುವುದಿಲ್ಲ. ರೈಫಲ್ ರಿಪೇರಿ ಮಾಡುವ ನನ್ನಂಥ ಆರ್ಮರರ್‌ಗೆ ಬೇಕಾಗಿರುವುದು ಅದೇ.

ಹೋದ ಆಷಾಢದಲ್ಲಿ ವಾರ್ಷಿಕ ಫೈರಿಂಗ್ ಇತ್ತು. ಚಿತ್ರದುರ್ಗದ ಆಷಾಢದ ಗಾಳಿ ಗೊತ್ತಲ್ವಾ, ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರದ ಫ್ಯಾನುಗಳು ನಿಲ್ಲದೆ ತಿರುಗುತ್ತಿರುತ್ತವೆ, ಬಾಯಿ ತೆಗೆದರೆ ಕೆಂಪು ಧೂಳು. ಸ್ಲೋ ಫೈರ್ ಚೆನ್ನಾಗಿಯೇ ನಡೆಯಿತು. ಬೇಗ ಬೇಗ ಹೊಡೆಯುವ ರ‍್ಯಾಪಿಡ್ ಶುರುವಾದ ಮೇಲೆ ಒಬ್ಬ ಹುಡುಗ, ಹೊಸ ಎಪಿಸಿ (ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್), ಒಂದೆರಡು ಗುಂಡು ಹೊಡೆದವನು ನಿಂತುಬಿಟ್ಟ. ಮತ್ತೆ ಒತ್ತಿದ. ಇಲ್ಲ. ಇನ್ನೂ ಜೋರಾಗಿ ಒತ್ತಿದ. ಆಮೇಲೆ ಮಲಗಿದ್ದಲ್ಲೇ ನನ್ನ ಕಡೆ ಹೊರಳಿ, "ಅಣ್ಣಾ, ಟ್ರಿಗರ್ ಕೆಲ್ಸ ಮಾಡ್ತಿಲ್ಲ" ಅಂದ. ಅವನ ಜೊತೆ ಬ್ಯಾರಲ್ಲೂ ಹೊರಳಿತು, ಪಕ್ಕದ ಲೇನಿನಲ್ಲಿ ಮಲಗಿದ್ದವನ ತಲೆಯ ಕಡೆಗೆ.

"ಅಲ್ಲೇ ಇರು! ಬ್ಯಾರಲ್ ಟಾರ್ಗೆಟ್ ಕಡೆ, ಬೆರಳು ಹೊರಗೆ!" ಅಂತ ಕೂಗಿದ್ದು ನನಗೇ ಸರಿಯಾಗಿ ನೆನಪಿಲ್ಲ, ಗಂಟಲು ಮಾತ್ರ ಎರಡು ದಿನ ನೋಯುತ್ತಿತ್ತು. ಸೀಟಿ ಊದಿದರು, ಲೈನ್ ಪೂರ್ತಿ ನಿಂತಿತು. ಹುಡುಗ ಬ್ಯಾರಲ್ ಮುಂದಕ್ಕೆ ತಂದ. ಅರ್ಧ ನಿಮಿಷ ಯಾರೂ ಮುಟ್ಟಬಾರದು ಅಂದೆ. ಗುಂಡು ತಡವಾಗಿ ಸಿಡಿಯುವುದೂ ಉಂಟು, 7.62 ಗುಂಡು ಸೆಕೆಂಡಿಗೆ 800 ಮೀಟರಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಆ ಅರ್ಧ ನಿಮಿಷ ಅಷ್ಟು ಬೇಗ ಕಳೆಯಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಗ್ಯಾಸ್. ಗುಂಡು ಸಿಡಿದಾಗ ಬರುವ ಗ್ಯಾಸೇ ಖಾಲಿ ಕೇಸ್ ಹೊರಗೆ ಹಾಕಿ ಹೊಸ ಗುಂಡು ಒಳಗೆ ತರುವಂತೆ ಮಾಡುವುದು. ಬೆಳಿಗ್ಗೆಯಿಂದ ಬಂದ ತೊಂದರೆಗಳೆಲ್ಲ ಶಾರ್ಟ್ ರಿಕಾಯ್ಲ್, ಅಂದರೆ ಗ್ಯಾಸ್ ಸಾಲದೆ ಒಳಗಿನ ಭಾಗಗಳು ಪೂರ್ತಿ ಹಿಂದಕ್ಕೆ ಹೋಗದಿರುವುದು, ಗ್ಯಾಸ್ ರೆಗ್ಯುಲೇಟರ್ ತಿರುಗಿಸಿದರೆ ಸರಿಹೋಗುತ್ತಿದ್ದವು. ಕೈಯಲ್ಲಿ ಟೂಲ್ ಹಿಡಿದೇ ಹೋದೆ. ಪಕ್ಕದಲ್ಲಿ ಮಲಗಿ ಮ್ಯಾಗಜೀನ್ ತೆಗೆದು ಹ್ಯಾಂಡಲ್ ಎಳೆದಾಗ ಚೇಂಬರಿನಿಂದ ಜೀವಂತ ಗುಂಡು ಚಾಪೆ ಮೇಲೆ ಬಿತ್ತು. ಅಂದರೆ ಖಾಲಿ ಕೇಸ್ ಹೊರಗೆ ಹೋಗಿದೆ, ಹೊಸ ಗುಂಡು ಒಳಗೆ ಬಂದಿದೆ, ಗ್ಯಾಸ್ ತನ್ನ ಕೆಲಸ ಮಾಡಿದೆ. ಬಡಿದು ಗುಂಡು ಸಿಡಿಸುವ ಹ್ಯಾಮರ್ ಹಿಂದೆ ನಿಂತಿತ್ತು, ಟ್ರಿಗರ್ ಮಾತ್ರ ಸತ್ತಿತ್ತು. ಹುಡುಗ ತಿರುಗಿಸಿದ್ದು ಪೂರ್ತಿ ಲೋಡ್ ಆಗಿ, ಹ್ಯಾಮರ್ ಬೀಳಲು ಸಿದ್ಧವಾಗಿ ಕಾಕ್ ಆಗಿದ್ದ ರೈಫಲ್.

"ಬೇರೆ ಕೊಟ್ಟು ಮುಗಿಸ್ರಿ, ಹೊತ್ತಾಗ್ತಿದೆ" ಅಂದರು ಸಾಹೇಬರು. ಒಬ್ಬರು ಎಣ್ಣೆ ಬಿಡ್ರಿ ಅಂದರು. ಇನ್ನೊಬ್ಬರು, ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಿಯರ್‌ಗೆ ಒಂಚೂರು ಅರ ಹಾಕಿದ್ರೆ ಆಯ್ತು ಅಂದರು. ಈ ಅರ ಹಾಕುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಿಯರ್ ತುದಿಯನ್ನು ಹದ ಹಾಕಿ ಗಟ್ಟಿ ಮಾಡಿರುತ್ತಾರೆ. ಒಮ್ಮೆ ಅದನ್ನು ಸವೆಸಿದರೆ ಬಟ್ ನೆಲಕ್ಕೆ ಕುಟ್ಟಿದಾಗ ಹ್ಯಾಮರ್ ಜಾರಿ ಬೀಳಬಹುದು. ಅದು ರಿಪೇರಿ ಅಲ್ಲ.

ಆಯುಧ ಇಡುವ ಕೋಣೆ, ಬೆಲ್ ಆಫ್ ಆರ್ಮ್ಸ್‌ಗೆ ತಂದು ಬೆಂಚಿನ ಮೇಲೆ ಇಟ್ಟರೆ ರೈಫಲ್ ಸರಿಯಾಗಿಯೇ ಇತ್ತು! ಕಾಕ್ ಮಾಡಿ ಒತ್ತಿದೆ, ಹ್ಯಾಮರ್ ಬಿತ್ತು. ಮತ್ತೆ ಮಾಡಿದೆ, ಬಿತ್ತು. ಇಂಥದ್ದನ್ನೇ 'ದೋಷ ಕಂಡುಬಂದಿಲ್ಲ' ಅಂತ ಬರೆದು ರ‍್ಯಾಕಿಗೆ ಇಟ್ಟುಬಿಡುತ್ತಾರೆ. ಹುಡುಗನನ್ನು ಕರೆಸಿದೆ. "ತಮ್ಮಾ, ಬೆರಳಿಗೆ ಏನನ್ನಿಸ್ತು, ನಿಧಾನಕ್ಕೆ ಹೇಳು" ಅಂದೆ. "ಅಣ್ಣಾ, ಎರಡನೇ ಸಲ ಟ್ರಿಗರ್ ಪೂರ್ತಿ ಮುಂದಕ್ಕೇ ಬಂದಿರ್ಲಿಲ್ಲ, ಅರ್ಧದಲ್ಲೇ ಇತ್ತು" ಅಂದ. ಇಷ್ಟೇ ಮಾತು ರೇಂಜಿನಲ್ಲಿ ಸಿಕ್ಕಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಈ ಸಲ ಟ್ರಿಗರ್ ಒತ್ತಿ ಹಿಡಿದೇ ಕಾಕ್ ಮಾಡಿದೆ. ಸಿಯರ್ ಹ್ಯಾಮರನ್ನು ಹಿಡಿಯಿತು. ಆಮೇಲೆ ಬೆರಳನ್ನು ಒಮ್ಮೆಲೇ ಬಿಟ್ಟು ನೋಡುತ್ತಾ ಕುಳಿತೆ. ಟಕ್ ಅಂತ ಮುಂದಕ್ಕೆ ಚಿಮ್ಮಬೇಕಾದ ಟ್ರಿಗರ್ ತೆವಳಿಕೊಂಡು ಬಂತು, ಕೊನೆಯಲ್ಲಿ ಉಗುರಿನಷ್ಟು ದೂರ ನಿಂತು, ಸ್ವಲ್ಪ ಹೊತ್ತಾದ ಮೇಲೆ ಕ್ಲಿಕ್ ಅಂತು. ಸೆಮಿ ಆಟೋಮ್ಯಾಟಿಕ್‌ನಲ್ಲಿ (ಒಂದು ಒತ್ತಿಗೆ ಒಂದೇ ಗುಂಡು) ಟ್ರಿಗರ್ ಪೂರ್ತಿ ಮುಂದೆ ಬರದೆ ಸಿಯರ್ ಅದರ ಮೆಟ್ಟಿಲಿಗೆ ಸಿಗುವುದಿಲ್ಲ. ಸಿಗದಿದ್ದರೆ ಎಷ್ಟು ಒತ್ತಿದರೂ ಅಷ್ಟೇ. ಬೆಂಚಿನಲ್ಲಿ ನಾನು ನಿಧಾನಕ್ಕೆ ಮಾಡುತ್ತಿದ್ದೆ, ಅದಕ್ಕೆ ಬರಲು ಹೊತ್ತು ಸಿಗುತ್ತಿತ್ತು. ರ‍್ಯಾಪಿಡ್‌ನಲ್ಲಿ ಸಿಗಲಿಲ್ಲ.

ಬಿಚ್ಚಿ ನೋಡಿದರೆ ಟ್ರಿಗರನ್ನು ಮುಂದಕ್ಕೆ ತಳ್ಳುವ ಪ್ಲಂಜರಿನ ಸುತ್ತ ಜೋನಿಬೆಲ್ಲದಂಥ ಅಂಟು, ಅದರೊಳಗೆ ಕೆಂಪು ಧೂಳು. ಮೂಗಿನ ಹತ್ತಿರ ಹಿಡಿದೆ. ಅಗಸೆ ಎಣ್ಣೆ. ಮರದ ಬಟ್ಟಿಗೆ ಹೊಳಪು ಬರಲಿ ಅಂತ ಕೊಡುವ ಎಣ್ಣೆ ಅದು. ಗಾಳಿಗೆ ಒಣಗಿ ಗಟ್ಟಿಯಾಗುವುದೇ ಅದರ ಗುಣ, ಅದಕ್ಕೇ ಮರಕ್ಕೆ ಒಳ್ಳೆಯದು, ಕಬ್ಬಿಣದ ಸಂದಿಗೆ ಕೆಟ್ಟದ್ದು. ಇನ್‌ಸ್ಪೆಕ್ಷನ್ ಹಿಂದಿನ ದಿನ ಬಟ್ ಉಜ್ಜಿದ ಚಿಂದಿಯಲ್ಲೇ ಒಳಗೂ ಒರೆಸಿದ್ದಾರೆ. ಅವರನ್ನೂ ಬೈಯುವ ಹಾಗಿಲ್ಲ. ಎರಡೂ ಎಣ್ಣೆ ಒಂದೇ ಥರದ ಡಬ್ಬಿಯಲ್ಲಿ, ಚೀಟಿ ಇಲ್ಲದೆ ಬರುತ್ತವೆ. ಹೊರಗೆ ಹೊಳೆದರೆ ಸಾಕು ಅನ್ನುವ ಇನ್‌ಸ್ಪೆಕ್ಷನ್ ಇರುವವರೆಗೆ ಹುಡುಗರು ಬಟ್ಟನ್ನೇ ಉಜ್ಜುತ್ತಾರೆ.

ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಶ್ ಹಾಕಿ, ಒಣಗಿಸಿ, ರೈಫಲ್ ಎಣ್ಣೆ ತೆಳ್ಳಗೆ ಸವರಿದೆ, ಅಷ್ಟೇ. ಸ್ಪ್ರಿಂಗ್ ಬದಲಿಸಬೇಕಾಗಲಿಲ್ಲ, ಹೊಸದು ಬೇಕೆಂದು ಇಂಡೆಂಟ್ ಹಾಕಿದ್ದರೆ ಯಾವಾಗ ಬರುತ್ತಿತ್ತೋ. ಅದೇ ಸಾಲಿನ ಉಳಿದವನ್ನೂ ಬಿಚ್ಚಿದೆವು, ಇನ್ನೂ ಕೆಲವು ಅಂಟತೊಡಗಿದ್ದವು. ಈಗ ಅಗಸೆ ಎಣ್ಣೆ ಡಬ್ಬಿಗೆ ಕೆಂಪು ಬಣ್ಣ ಬಳಿದು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ರಿಜಿಸ್ಟರ್‌ನಲ್ಲಿ 'ಬೆರಳಿಗೆ ಹೇಗನಿಸಿತು' ಅಂತ ಒಂದು ಕಾಲಂ ಸೇರಿಸಿ ಅಂತ ಬರೆದುಕೊಟ್ಟಿದ್ದೇನೆ. ಫೈಲ್ ಇನ್ನೂ ಮೇಲೆಯೇ ಇದೆ. ಅದು ಬರುವ ತನಕ ನಾನೇ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಬರೆಸುತ್ತಿದ್ದೇನೆ.