ನಾರ್ವೆಯಿಂದ ಬಂದ ಹಿರಿಯರನ್ನು ಹುಡುಕುವಾಗ ಮೊದಲು ಬೇಕಾದದ್ದು ಹಿಡುವಳಿಯ ಹೆಸರು

ಅಮೆರಿಕದಲ್ಲಿ ನಾರ್ವೆ ಮೂಲದ ಕುಟುಂಬದವರು ತಮ್ಮ ವಂಶಾವಳಿಯನ್ನು ಹುಡುಕಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ನಮ್ಮವರು ಯಾವ ಹಡಗಿನಲ್ಲಿ ಬಂದರು ಎಂಬುದು. ಮಿನ್ನೆಸೋಟಾದಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರೂ ನನ್ನನ್ನು ಕೇಳಿದ್ದು ಅದನ್ನೇ. ಅವರ ಅಜ್ಜನ ಬಗ್ಗೆ ಮನೆಯಲ್ಲಿ ಉಳಿದಿದ್ದ ಮಾಹಿತಿ ಅಲ್ಪ: ಒಂದು ಅಡ್ಡಹೆಸರು, 1860ರ ದಶಕದ ಕೊನೆಯಲ್ಲಿ ಬಂದರೆಂಬ ಮಾತು, ಮತ್ತು ಊರು ಯಾವುದೆಂದರೆ ‘ಸೋಗ್ನ್’ ಎಂಬ ಉತ್ತರ. ಸೋಗ್ನ್ ಎಂಬುದು ಊರಲ್ಲ. ನಾರ್ವೆಯ ಪಶ್ಚಿಮ ಕರಾವಳಿಯಿಂದ ಒಳನಾಡಿನವರೆಗೆ ಚಾಚಿಕೊಂಡಿರುವ ಸೋಗ್ನೆಫ್ಯೋರ್ಡ್ ಎಂಬ ಕಡಲ ತೋಳಿನ ಎರಡೂ ದಡಗಳ ವಿಶಾಲ ಪ್ರದೇಶ. ಅದರಲ್ಲಿ ಹಲವು ಪ್ಯಾರಿಷ್‌ಗಳಿವೆ, ಎಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಪ್ರದೇಶಗಳು. ಒಂದೊಂದು ಪ್ಯಾರಿಷ್‌ನಲ್ಲೂ ತಮ್ಮದೇ ಹೆಸರುಳ್ಳ ಹತ್ತಾರು ಹಿಡುವಳಿಗಳಿವೆ. ಈ ಹುಡುಕಾಟದಲ್ಲಿ ಹಡಗಿನ ಹೆಸರು ಕೊನೆಗೆ ಸಿಕ್ಕರೂ ನಡೆಯುತ್ತದೆ, ಸಿಗದಿದ್ದರೂ ನಡೆಯುತ್ತದೆ. ಹಿಡುವಳಿಯ ಮತ್ತು ಪ್ಯಾರಿಷ್‌ನ ಹೆಸರು ಸಿಗದೆ ಒಂದು ಹೆಜ್ಜೆಯೂ ಮುಂದೆ ಇಡಲಾಗದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಅಲ್ಲಿನ ಹೆಸರಿಡುವ ಪದ್ಧತಿ. ಹತ್ತೊಂಬತ್ತನೆಯ ಶತಮಾನದ ನಾರ್ವೆಯ ಹಳ್ಳಿಗಳಲ್ಲಿ ಸ್ಥಿರವಾದ ಅಡ್ಡಹೆಸರು ಇರಲಿಲ್ಲ. ಹಾನ್ಸ್ ಎಂಬಾತನ ಮಗ ಓಲೆ ಬರ್ಗೆ ಎಂಬ ಹಿಡುವಳಿಯಲ್ಲಿ ಹುಟ್ಟಿದನೆಂದು ಇಟ್ಟುಕೊಳ್ಳೋಣ. ಅವನು ಓಲೆ ಹಾನ್ಸೆನ್ ಬರ್ಗೆ. ಅವನ ತಂಗಿ ಮಾರಿ ಹಾನ್ಸ್‌ಡಾಟರ್ ಬರ್ಗೆ. ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಇನಿಷಿಯಲ್‌ಗಳಾಗಿ ಹೊತ್ತು ತಿರುಗುವ ನಮಗೆ ಇಷ್ಟರವರೆಗೆ ಏನೂ ವಿಚಿತ್ರವೆನಿಸದು. ಆದರೆ ಓಲೆ ಮದುವೆಯಾಗಿ ಹೆಂಡತಿಯ ಮನೆಯಾದ ಹೌಗೆನ್‌ಗೆ ಹೋಗಿ ನೆಲೆಸಿದರೆ ಅವನ ಹೆಸರು ಓಲೆ ಹಾನ್ಸೆನ್ ಹೌಗೆನ್ ಆಗುತ್ತದೆ, ಏಕೆಂದರೆ ಆ ಮೂರನೆಯ ಪದ ಅವನ ಕುಲದ್ದಲ್ಲ, ಅವನು ಆಗ ವಾಸವಾಗಿರುವ ನೆಲದ್ದು. ಅವನ ಮಕ್ಕಳು ಓಲ್ಸೆನ್, ಓಲ್ಸ್‌ಡಾಟರ್ ಎನಿಸಿಕೊಳ್ಳುತ್ತಾರೆ. ಹೆಂಡತಿ ಮದುವೆಯ ನಂತರವೂ ತನ್ನ ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಹೀಗೆ ಒಂದೇ ಸೂರಿನಡಿಯ ನಾಲ್ವರಿಗೆ ಮೂರು ಬಗೆಯ ಹೆಸರು. ಪ್ರತಿಯೊಂದು ಕುಟುಂಬಕ್ಕೂ ಸ್ಥಿರವಾದ ಅಡ್ಡಹೆಸರು ಇರಬೇಕೆಂಬ ಕಾನೂನು ಅಲ್ಲಿ ಬಂದದ್ದು 1923ರಲ್ಲಿ.

ಅಮೆರಿಕಕ್ಕೆ ಬಂದವರು ಈ ಹೆಸರುಗಳಲ್ಲಿ ಯಾವುದನ್ನು ಇಟ್ಟುಕೊಂಡರು ಎಂಬುದಕ್ಕೆ ನಿಯಮವೇ ಇರಲಿಲ್ಲ. ಒಬ್ಬ ಅಣ್ಣ ಹಾನ್ಸನ್ ಆದರೆ ತಮ್ಮ ಬರ್ಗೆ ಆಗಿರಬಹುದು, ಮತ್ತೊಬ್ಬ ತಾನು ಹಡಗು ಹತ್ತುವ ಮೊದಲು ಎರಡು ವರ್ಷ ಕೂಲಿಗಿದ್ದ ಹಿಡುವಳಿಯ ಹೆಸರನ್ನೇ ಶಾಶ್ವತ ಮಾಡಿಕೊಂಡಿರಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಕರ್ನಲ್ ಹಾನ್ಸ್ ಕ್ರಿಶ್ಚಿಯನ್ ಹೆಗ್ ಅವರ ನೇತೃತ್ವದಲ್ಲಿ ಹೋರಾಡಿದ, ಬಹುಪಾಲು ಸ್ಕ್ಯಾಂಡಿನೇವಿಯದವರೇ ಇದ್ದ ವಿಸ್ಕಾನ್ಸಿನ್‌ನ 15ನೆಯ ರೆಜಿಮೆಂಟಿನ ಪಟ್ಟಿಯನ್ನು ನೋಡಿದವರಿಗೆ, ಬರಿಯ ಓಲೆ ಓಲ್ಸನ್ ಎಂಬ ಹೆಸರನ್ನು ಹಿಡಿದುಕೊಂಡು ಹುಡುಕುವುದು ಎಂಥ ಕೆಲಸವೆಂದು ಯಾರೂ ಹೇಳಬೇಕಾಗಿಲ್ಲ. ಹಿಡುವಳಿಯ ಹೆಸರೂ ಒಂಟಿಯಾಗಿ ನೆರವಿಗೆ ಬಾರದು. ಹೌಗೆನ್, ಬಾಕೆನ್, ಮೂಯೆನ್ ಮುಂತಾದ ಹೆಸರುಗಳು ದಿಬ್ಬ, ಇಳಿಜಾರು, ಬಯಲುಗಳನ್ನು ನೋಡಿ ಇಟ್ಟವಾದ್ದರಿಂದ ದೇಶದುದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. ಓಲುಫ್ ರಿಗ್ ಎಂಬ ವಿದ್ವಾಂಸರು ಆರಂಭಿಸಿ, 1897ರಿಂದ ಹಲವು ಸಂಪುಟಗಳಲ್ಲಿ ಪ್ರಕಟವಾದ ನಾರ್ವೆಯ ಹಿಡುವಳಿ ಹೆಸರುಗಳ ಕೋಶವನ್ನು ತೆರೆದರೆ ಈ ಪುನರಾವರ್ತನೆಯ ಪ್ರಮಾಣ ಅರಿವಾಗುತ್ತದೆ. ಆದ್ದರಿಂದ ಹಿಡುವಳಿ ಮತ್ತು ಪ್ಯಾರಿಷ್ ಎರಡೂ ಜೊತೆಯಾಗಿಯೇ ಬೇಕು.

ಈ ಜೋಡಿ ಸಿಗುವುದು ಬಹುತೇಕ ಅಮೆರಿಕದ ಕಡೆಯ ದಾಖಲೆಗಳಲ್ಲಿ. ಆನ್‌ಲೈನ್‌ನಲ್ಲಿ ನಾರ್ವೆಯ ದಾಖಲೆಗಳು ಉಚಿತವಾಗಿ ಸಿಗುತ್ತವೆಂಬ ಉತ್ಸಾಹದಲ್ಲಿ ನೇರವಾಗಿ ಅಲ್ಲಿಗೆ ಧುಮುಕುವವರು ತಮ್ಮದಲ್ಲದ ಯಾರದೋ ಓಲೆಯನ್ನು ಹಿಡಿದುಕೊಂಡು ಬರುತ್ತಾರೆ. ಜನಗಣತಿಯ ಪುಟಗಳಿಂದ ಕಾಲ ನಿರ್ಧರಿಸಲು ಸಹಾಯವಾಗುತ್ತದೆ: 1850ರಿಂದ ಮನೆಯ ಪ್ರತಿಯೊಬ್ಬರ ಹೆಸರೂ ಸಿಗುತ್ತದೆ, 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಮತ್ತು ವಲಸೆ ಬಂದ ವರ್ಷವೂ ಇರುತ್ತದೆ. 1890ರ ಗಣತಿಯ ಹೆಚ್ಚಿನ ಭಾಗ 1921ರ ಬೆಂಕಿಯ ನಂತರ ಉಳಿಯಲಿಲ್ಲವಾದ್ದರಿಂದ ನಡುವೆ ಇಪ್ಪತ್ತು ವರ್ಷಗಳ ಕಂದಕವಿದೆ. ಮಿನ್ನೆಸೋಟಾ ರಾಜ್ಯವು ತಾನೇ ನಡೆಸಿದ 1885 ಮತ್ತು 1895ರ ಗಣತಿಗಳು ಅದನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಆದರೆ ಇವೆಲ್ಲವೂ ಹುಟ್ಟಿದ ಸ್ಥಳ ಎಂಬ ಅಂಕಣದಲ್ಲಿ ‘ನಾರ್ವೆ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತವೆ. 1906ಕ್ಕೆ ಮುಂಚಿನ ಪೌರತ್ವ ಪತ್ರಗಳೂ ಬಹುಮಟ್ಟಿಗೆ ಹಾಗೆಯೇ. ಅರ್ಜಿದಾರನು ಸ್ವೀಡನ್ ಮತ್ತು ನಾರ್ವೆಯ ದೊರೆಗೆ ತೋರಬೇಕಾದ ನಿಷ್ಠೆಯನ್ನು ತೊರೆಯುತ್ತಾನೆ ಎಂಬ ವಾಕ್ಯ ಇರುತ್ತದೆ, ಅವನ ಊರು ಇರುವುದಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಪಡೆದವರ ಕಡತಗಳಲ್ಲಿ ಕಟ್ಟಿದ ಮನೆಯ ವರ್ಣನೆ, ಉತ್ತ ಎಕರೆಗಳ ಲೆಕ್ಕ, ನೆರೆಯವರ ಸಾಕ್ಷ್ಯ, ಪೌರತ್ವ ಪತ್ರದ ನಕಲು ಎಲ್ಲ ಸಿಗುತ್ತವೆ. ಓದಲು ಸೊಗಸಾದ ಕಡತಗಳು. ಹುಟ್ಟೂರಿನ ವಿಷಯದಲ್ಲಿ ಮಾತ್ರ ಮೌನ.

ಬಾಯಿ ಬಿಡುವುದು ಲೂಥರನ್ ಚರ್ಚುಗಳ ದಾಖಲೆ ಪುಸ್ತಕಗಳು. ಆರಂಭದ ಪಾದ್ರಿಗಳಲ್ಲಿ ಅನೇಕರು ನಾರ್ವೆಯಲ್ಲೇ ಓದಿ ಬಂದವರಾದ್ದರಿಂದ ಪುಸ್ತಕಗಳನ್ನು ಅಲ್ಲಿನ ಕ್ರಮದಲ್ಲಿ, ಅಲ್ಲಿನ ಭಾಷೆಯಲ್ಲಿಯೇ ಇಟ್ಟರು, ಮತ್ತು ಸಭೆಯ ಸದಸ್ಯನು ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದವನೆಂಬುದು ಅವರಿಗೆ ಅರ್ಥವಾಗುವ, ಬರೆಯಲು ಯೋಗ್ಯವೆನಿಸುವ ಸಂಗತಿಯಾಗಿತ್ತು. ಅತ್ತೆಯವರ ಅಜ್ಜನ ಮದುವೆಯ ನಮೂದಿನಲ್ಲಿ ಏನೂ ಇರಲಿಲ್ಲ. ಆದರೆ ಸಮಾಧಿಯ ನಮೂದಿನಲ್ಲಿ ಹುಟ್ಟಿದ ದಿನಾಂಕದ ಪಕ್ಕದಲ್ಲಿ ಒಂದು ಪ್ಯಾರಿಷ್‌ನ ಹೆಸರಿತ್ತು. ಮೊದಲ ಮಗುವಿನ ದೀಕ್ಷಾಸ್ನಾನದ ಸಾಕ್ಷಿಗಳ ಸಾಲಿನಲ್ಲಿ ಅದೇ ತಂದೆಯ ಹೆಸರುಳ್ಳ ಇನ್ನೊಬ್ಬನ ಹೆಸರಿತ್ತು, ಅವನ ಹೆಸರಿನ ಕೊನೆಗೆ ಬೇರೆಯೇ ಒಂದು ಹಿಡುವಳಿಯ ಹೆಸರಿತ್ತು. ಸಾಕ್ಷಿಗಳ ಸಾಲನ್ನು ಹಲವರು ಓದದೆ ದಾಟುತ್ತಾರೆ. ಅಣ್ಣತಮ್ಮಂದಿರು, ನಾದಿನಿಯರು, ಹಳೆಯ ಊರಿನ ನೆರೆಯವರು ಸೇರಿಕೊಳ್ಳುವ ಜಾಗವೇ ಅದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ನಾರ್ವೇಜಿಯನ್ ಅಮೆರಿಕನ್ ಜೀನಿಯಲಾಜಿಕಲ್ ಸೆಂಟರ್‌ನಲ್ಲಿ ಇಂಥ ಚರ್ಚು ದಾಖಲೆಗಳ ದೊಡ್ಡ ಸಂಗ್ರಹವಿದೆ. ಐಯೊವಾದ ಡಿಕೋರಾದಿಂದ 1874ರಿಂದ 1972ರವರೆಗೆ ಹೊರಬಂದ ‘ಡಿಕೋರಾ ಪೋಸ್ಟೆನ್’ ಪತ್ರಿಕೆಯ ನಿಧನವಾರ್ತೆಗಳೂ ಪ್ಯಾರಿಷ್ ಹೇಳುವ ವಿಷಯದಲ್ಲಿ ಜಿಪುಣತನ ತೋರುವುದಿಲ್ಲ.

ಹಡಗಿನ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. 1825ರ ಜುಲೈನಲ್ಲಿ ನಾರ್ವೆಯ ಸ್ತವಾಂಗರ್‌ನಿಂದ ಹೊರಟ ‘ರೆಸ್ತೌರಾಸ್ಯೋನ್’ ಎಂಬ ಪುಟ್ಟ ಹಡಗು 52 ಜನರನ್ನು ಹೊತ್ತು ಹೋಗಿ, ದಾರಿಯಲ್ಲಿ ಹುಟ್ಟಿದ ಒಂದು ಮಗುವೂ ಸೇರಿ 53 ಜನರನ್ನು ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಇಳಿಸಿತು. ಅಲ್ಲಿಂದ ಮುಂದಿನ ಸುಮಾರು ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಆ ಚಿಕ್ಕ ದೇಶವನ್ನು ಬಿಟ್ಟರು. 1865ರಲ್ಲಿ ನಾರ್ವೆಯ ಒಟ್ಟು ಜನಸಂಖ್ಯೆ ಸುಮಾರು 17 ಲಕ್ಷವಷ್ಟೇ ಇತ್ತೆಂದು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಎಲ್ಲರೂ ನ್ಯೂಯಾರ್ಕಿನ ವಲಸೆ ಕೇಂದ್ರವಾದ ಎಲ್ಲಿಸ್ ದ್ವೀಪದ ಮೂಲಕ ಬಂದರೆಂದು ಕುಟುಂಬಗಳು ನಂಬುತ್ತವೆ, ಆದರೆ ಆ ಕೇಂದ್ರ ತೆರೆದದ್ದೇ 1892ರಲ್ಲಿ. 1850 ಮತ್ತು 60ರ ದಶಕಗಳಲ್ಲಿ ನಾರ್ವೆಯ ಹಾಯಿಹಡಗುಗಳಲ್ಲಿ ಹೆಚ್ಚಿನವು ಕೆನಡಾದ ಕ್ವಿಬೆಕ್‌ಗೆ ಹೋಗುತ್ತಿದ್ದವು, ಏಕೆಂದರೆ ಬ್ರಿಟನ್ 1849ರಲ್ಲಿ ತನ್ನ ನೌಕಾಯಾನ ಕಾಯ್ದೆಗಳನ್ನು ರದ್ದುಪಡಿಸಿದ ಮೇಲೆ ಆ ಹಡಗುಗಳಿಗೆ ಮರಳುವಾಗ ಅಲ್ಲಿನ ಮರದ ದಿಮ್ಮಿಗಳ ಸರಕು ಸಿಗುತ್ತಿತ್ತು. ಮುಂದೆ ಉಗಿಹಡಗುಗಳ ಕಾಲದಲ್ಲಿ ಜನ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ, ರೈಲಿನಲ್ಲಿ ಲಿವರ್‌ಪೂಲ್ ತಲುಪಿ, ಅಲ್ಲಿ ಇನ್ನೊಂದು ಹಡಗು ಹತ್ತುತ್ತಿದ್ದರು. ನಾರ್ವೆಯ ಪಶ್ಚಿಮ ಕರಾವಳಿಯ ಬಂದರಾದ ಬರ್ಗೆನ್‌ನ ಪೊಲೀಸರು ಇಟ್ಟ ವಲಸಿಗರ ಪಟ್ಟಿ 1874ರಿಂದ ಸಿಗುತ್ತದೆ. ನಮ್ಮವರು 1869ರಲ್ಲಿ ಹೊರಟವರು. ಅಲ್ಲಿಗೆ ಆ ಅಧ್ಯಾಯ ಮುಚ್ಚಿತು.

ಪ್ಯಾರಿಷ್ ತಿಳಿದ ಮೇಲೆ ನಾರ್ವೆಯ ರಾಷ್ಟ್ರೀಯ ದಾಖಲಾಗಾರದ ‘ಡಿಜಿಟಾಲ್‌ಆರ್ಕಿವೆಟ್’ ತಾಣದಲ್ಲಿ ಚರ್ಚಿನ ಮೂಲ ಪುಸ್ತಕಗಳ ಚಿತ್ರಗಳನ್ನು ಶುಲ್ಕವಿಲ್ಲದೆ ನೋಡಬಹುದು. ಬರವಣಿಗೆ ಗಾಥಿಕ್ ಲಿಪಿಯಲ್ಲಿ, ಭಾಷೆ ಡ್ಯಾನಿಷ್ ಛಾಯೆಯದು. ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಅಕ್ಷರದ ತಲೆಯ ಮೇಲೆ ಒಂದು ಕೊಕ್ಕೆ ಇರುತ್ತದೆ. ಹದಿನೆಂಟನೆಯ ಶತಮಾನದ ಪುಟಗಳಲ್ಲಿ ದಿನಾಂಕದ ಬದಲು ‘ಟ್ರಿನಿಟಿ ಹಬ್ಬದ ನಂತರದ ನಾಲ್ಕನೆಯ ಭಾನುವಾರ’ ಎಂಬಂಥ ಉಲ್ಲೇಖವಿರುತ್ತದೆ, ಅದನ್ನು ಪಂಚಾಂಗದ ಕೋಷ್ಟಕ ಹಿಡಿದು ಲೆಕ್ಕ ಹಾಕಬೇಕು. 1810ರ ದಶಕದ ನಂತರ ಅಚ್ಚಾದ ಅಂಕಣಗಳು ಬಂದು ಕೆಲಸ ಹಗುರಾಗುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು, ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ಚರ್ಚಿನಲ್ಲಿ ಸಾರುವ ದೃಢೀಕರಣ ಸಂಸ್ಕಾರದ ಪುಟಗಳು. ಹದಿನೈದರ ಆಸುಪಾಸಿನ ಪ್ರತಿಯೊಬ್ಬರಿಗೂ ಅದು 1736ರಿಂದ ಕಡ್ಡಾಯವಾಗಿತ್ತಾದ್ದರಿಂದ ಅಲ್ಲಿಂದ ತಪ್ಪಿಸಿಕೊಂಡವರು ವಿರಳ. ಹುಡುಗನ ಹೆಸರು, ತಂದೆತಾಯಿಯರ ಹೆಸರು, ವಾಸದ ಹಿಡುವಳಿ, ಹುಟ್ಟಿದ ದಿನ, ಧರ್ಮಜ್ಞಾನ ಮತ್ತು ನಡತೆಗೆ ಪಾದ್ರಿ ಕೊಟ್ಟ ಅಂಕ, ಸಿಡುಬಿನ ಲಸಿಕೆ ಹಾಕಿಸಿಕೊಂಡ ವಿವರ ಎಲ್ಲವೂ ಒಂದೇ ಸಾಲಿನಲ್ಲಿ. ನಮ್ಮ ಹಿರಿಯರಿಗೆ ನಡತೆಯಲ್ಲಿ ‘ಉತ್ತಮ’, ಜ್ಞಾನದಲ್ಲಿ ‘ಸಾಧಾರಣ’ ಎಂದು ಬಂದಿದೆ. ಈ ಸಂಗತಿ ಅತ್ತೆಯವರಿಗೆ ಹಡಗಿನ ಹೆಸರಿಗಿಂತ ಹೆಚ್ಚು ಸಂತೋಷ ಕೊಟ್ಟಿತು.

ಅದೇ ಪುಸ್ತಕದ ಹಿಂಭಾಗದಲ್ಲಿ ಪ್ಯಾರಿಷ್ ಬಿಟ್ಟು ಹೋದವರ ಪಟ್ಟಿ ಇರುತ್ತದೆ. 1869ರ ಪುಟದಲ್ಲಿ ಅವರ ಹೆಸರಿನ ಎದುರು ‘ಅಮೇರಿಕಾಕ್ಕೆ’ ಎಂದಿದೆ, ಹಿಡುವಳಿಯ ಹೆಸರು ಅಂದಿನ ಅಮೆರಿಕದ ಅಡ್ಡಹೆಸರಿಗೆ ಹೊಂದುತ್ತದೆ. ಈ ಪಟ್ಟಿಗಳನ್ನು ಎಲ್ಲ ಪಾದ್ರಿಗಳೂ ಒಂದೇ ಶ್ರದ್ಧೆಯಿಂದ ಬರೆಯಲಿಲ್ಲ, ಆದ್ದರಿಂದ ಹೆಸರು ಇಲ್ಲದ ಮಾತ್ರಕ್ಕೆ ಆ ವ್ಯಕ್ತಿ ಹೋಗಲಿಲ್ಲವೆಂದು ತೀರ್ಮಾನಿಸಬಾರದು.

ಅವರು ಯಾಕೆ ಹೋದರೆಂಬುದಕ್ಕೆ ನಾರ್ವೆಯ 1865ರ ಜನಗಣತಿಯ ಪುಟವೇ ಉತ್ತರ. ಆ ಗಣತಿಯಲ್ಲಿ ಜನರ ಜೊತೆಗೆ ದನಕರುಗಳನ್ನೂ ಬಿತ್ತನೆಯನ್ನೂ ಎಣಿಸಿದ್ದಾರೆ. ತಂದೆಯ ವೃತ್ತಿ ‘ಭೂಮಿಯುಳ್ಳ ಹುಸ್ಮನ್’ ಎಂದಿದೆ. ಎಂದರೆ ದೊಡ್ಡ ಹಿಡುವಳಿಯ ಅಂಚಿನಲ್ಲಿ ಒಂದು ಮನೆ, ಒಂದು ತುಂಡು ನೆಲ ಪಡೆದು, ಅದಕ್ಕೆ ಬದಲಾಗಿ ಯಜಮಾನನಿಗೆ ದುಡಿಯುವವನು. ಮನೆಯಲ್ಲಿ ಏಳು ಜನ, ಎರಡು ಹಸು, ಆರು ಕುರಿ, ಕುದುರೆಯ ಅಂಕಣ ಖಾಲಿ. ಬಿತ್ತಿದ್ದು ಕಾಲು ಪೀಪಾಯಿ ಬಾರ್ಲಿ, ಎರಡು ಪೀಪಾಯಿ ಆಲೂಗಡ್ಡೆ. ಇಷ್ಟರಲ್ಲಿ ಕಿರಿಯ ಮಗನಿಗೆ ಪಾಲೆಂಬುದೇ ಇರಲಿಲ್ಲ. ನಾಲ್ಕು ವರ್ಷಗಳ ನಂತರ ಅವನು ಹೊರಟನೆಂದರೆ ಅದಕ್ಕೆ ಸಾಹಸಪ್ರವೃತ್ತಿಯ ವಿವರಣೆ ಬೇಕಿಲ್ಲ.

ಪ್ಯಾರಿಷ್‌ನ ಹಿಡುವಳಿಗಳ ಚರಿತ್ರೆಯನ್ನು ಮನೆಮನೆಯಾಗಿ ಹೇಳುವ ‘ಬಿಗ್ಡೆಬೋಕ್’ ಎಂಬ ಪುಸ್ತಕಗಳು ಅನೇಕ ಕಡೆಗಳಿಗೆ ಇವೆ, ಮತ್ತು ಅವು ಕೈಗೆ ಸಿಕ್ಕಾಗ ಕೆಲಸವೇ ಮುಗಿಯಿತೆಂದು ಅನಿಸುವುದು ಸಹಜ. ನಾನು ಅವುಗಳನ್ನು ದಾರಿ ತೋರಿಸುವುದಕ್ಕೆ ಮಾತ್ರ ಬಳಸುತ್ತೇನೆ. ಭೂಮಾಲೀಕರ ಪೀಳಿಗೆಗಳು ಅವುಗಳಲ್ಲಿ ವಿವರವಾಗಿರುತ್ತವೆ, ಹುಸ್ಮನ್ ಕುಟುಂಬಗಳು ಅನೇಕ ವೇಳೆ ಎರಡು ಸಾಲುಗಳಲ್ಲಿ ಮುಗಿದುಹೋಗುತ್ತವೆ, ಅಮೆರಿಕಕ್ಕೆ ಹೋದವರಲ್ಲಿ ಬಹಳಷ್ಟು ಜನ ಈ ಎರಡನೆಯ ವರ್ಗದವರು. ಪ್ರತಿ ನಮೂದನ್ನೂ ಚರ್ಚಿನ ಪುಸ್ತಕದೊಡನೆ ಹೋಲಿಸಿ ನೋಡುವುದು ಅನಿವಾರ್ಯ. ಮೃತರ ಆಸ್ತಿ ಹಂಚಿಕೆಯ ದಾಖಲೆಗಳು ಇದ್ದರೆ ಅವುಗಳ ಬೆಲೆ ಹೆಚ್ಚು, ಏಕೆಂದರೆ ವಾರಸುದಾರರನ್ನು ಹೆಸರಿಸುವಾಗ ‘ಅಮೆರಿಕದಲ್ಲಿರುವ ಮಗ’ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ ಅಮೆರಿಕಕ್ಕೂ ಬಂದಿತ್ತು. ಮಿನ್ನೆಸೋಟಾದಲ್ಲಿ ಹುಟ್ಟಿದ ಮಕ್ಕಳ ಹೆಸರುಗಳು ಸೋಗ್ನ್‌ನ ಅಜ್ಜಂದಿರ ಹೆಸರುಗಳಿಗೆ ಹೊಂದಿದಾಗಲೇ ನನಗೆ ಈ ಎರಡು ಕುಟುಂಬಗಳೂ ಒಂದೇ ಎಂಬ ನಂಬಿಕೆ ಗಟ್ಟಿಯಾಯಿತು.

ಅತ್ತೆಯವರ ಅಜ್ಜನ ಅಣ್ಣನ ವಂಶವನ್ನು ನಾರ್ವೆಯ 1910ರ ಗಣತಿಯವರೆಗೂ, 2020ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದ 1920ರ ಗಣತಿಯವರೆಗೂ ಅದೇ ಪ್ಯಾರಿಷ್‌ನಲ್ಲಿ ಗುರುತಿಸಿಯಾಗಿದೆ. ಉಳಿದವಳು ತಂಗಿ. 1875ರ ಗಣತಿಯಲ್ಲಿ ಅವಳು ಬೇರೊಂದು ಹಿಡುವಳಿಯಲ್ಲಿ ಮನೆಗೆಲಸಕ್ಕಿದ್ದಳು, ನಂತರ ಪ್ಯಾರಿಷ್‌ನ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಅವಳ ಕಾಲಕ್ಕೆ ಬರ್ಗೆನ್‌ನ ಪೊಲೀಸ್ ಪಟ್ಟಿ ಶುರುವಾಗಿರುವುದರಿಂದ ಈಗ ಅದನ್ನು ಓದುತ್ತಿದ್ದೇನೆ. ವಯಸ್ಸೂ ತಂದೆಯ ಹೆಸರೂ ಹೊಂದುವ ಮೂವರು ಅದರಲ್ಲಿದ್ದಾರೆ. ಒಬ್ಬಳ ಹೆಸರಿನ ಕೊನೆಗಿರುವುದು ಅವಳು ಹುಟ್ಟಿದ ಜಾಗದ ಹೆಸರಲ್ಲ, ಕೆಲಸಕ್ಕಿದ್ದ ಹಿಡುವಳಿಯ ಹೆಸರು. ಅವಳು ತಲುಪಬೇಕಾದ ಸ್ಥಳವೆಂದು ವಿಸ್ಕಾನ್ಸಿನ್‌ನ ಒಂದು ಊರನ್ನು ಬರೆದಿದ್ದಾರೆ. ಇನ್ನು ಅಲ್ಲಿನ ಲೂಥರನ್ ಚರ್ಚಿನ ಪುಸ್ತಕವನ್ನು ನೋಡಬೇಕು.