ನೆಗಡಿಯ ಹೊಸ ಪರಿಚಯಗಳು

ಇಂದು ಮ್ಯೂನಿಕ್‌ನ ಔಷಧಿ ಅಂಗಡಿಯವರು, ನಾನು ಕೇಳದಿದ್ದರೂ, ಕೆಮ್ಮಿನ ಸಿರಪ್ಪಿನ ಜೊತೆಗೆ ಟಿಶ್ಯೂ ಕಾಗದದ ಪುಟ್ಟ ಪೊಟ್ಟಣವೊಂದನ್ನು ಉಚಿತವಾಗಿ ಚೀಲಕ್ಕೆ ಹಾಕಿದರು. ಈಚೆಗೆ ನನ್ನ ಕೋಟಿನ ಯಾವ ಜೇಬಿಗೆ ಕೈ ಹಾಕಿದರೂ ಇಂಥದೊಂದು ಸಿಗುತ್ತದೆ.

ನೆಗಡಿ ತರುವ ರೈನೋವೈರಸ್‌ಗಳಲ್ಲಿಯೇ 100ಕ್ಕೂ ಹೆಚ್ಚು ಬಗೆಗಳಿವೆ; ಮೈಸೂರಿನಲ್ಲಿ ಎದುರಿಸಿದ ಕೆಲವನ್ನಷ್ಟೇ ಬಲ್ಲ ಈ ದೇಹಕ್ಕೆ, ಕಿಟಕಿ ಮುಚ್ಚಿ ಹೀಟರ್ ಹಾಕಿದ ಚಳಿಗಾಲದ ಒಣ ಕೋಣೆಗಳಲ್ಲಿ, ಮಗಳು ಶಿಶುವಿಹಾರದಿಂದ ಹೊಸಬರನ್ನು ತಂದು ಪರಿಚಯಿಸುತ್ತಲೇ ಇದ್ದಾಳೆ. ವೈದ್ಯರು ಆ್ಯಂಟಿಬಯೋಟಿಕ್ ಬರೆಯದೆ, ಚಹಾ ಕುಡಿದು ಮಲಗಿರಿ ಎಂದಾಗ ಮೊದಮೊದಲು ಸಿಟ್ಟು ಬರುತ್ತಿತ್ತು (ವೈರಸ್ಸಿಗೆ ಆ ಮಾತ್ರೆ ನಾಟದೆಂಬುದು ಗೊತ್ತಿದ್ದೂ).

ಅಮ್ಮನಿಗೆ ಮಾತ್ರ ಈ ವಿವರಣೆ ಒಪ್ಪಿಗೆಯಿಲ್ಲ. ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟದ್ದೇ ಕಾರಣವೆಂದು ಫೋನಿನಲ್ಲಿ ತೀರ್ಪು ಕೊಟ್ಟು, ಮೆಣಸಿನ ಸಾರಿನ ಪುಡಿಯನ್ನು ಅಂಚೆಗೂ ಹಾಕಿದ್ದಾರೆ.